ಅಪ್‌ಡೇಟ್: ಶಕ್ತಿನಗರದಾಗೇ ಇಂಟರ್ನ್‌ಶಿಪ್ ಸಿಕ್ತು

ಬೆಂಗಳೂರಿಗೆ ಹೋಗದೆ ರಾಯಚೂರಿನಾಗೇ ಮೆಕ್ಯಾನಿಕಲ್ ಇಂಟರ್ನ್‌ಶಿಪ್ ಸಿಗ್ತದೇನ್ರಿ ಅಂತ ಕೇಳಿದ್ದೆ. ಸಿಕ್ತು, ಆರ್‌ಟಿಪಿಎಸ್‌ನಾಗ, ಅಂದ್ರ ಕಲ್ಲಿದ್ದಲು ಸುಟ್ಟು ಕರೆಂಟ್ ಮಾಡೋ ರಾಯಚೂರು ಥರ್ಮಲ್ ಪವರ್ ಸ್ಟೇಷನ್‌ನಾಗ! ಕಾಲೇಜಿನ ಪತ್ರ ಮೊದಲು ತಗೊಳ್ರಿ ಅಂದವರಿಗೆ ಶರಣು.

210 ಮೆಗಾವ್ಯಾಟಿನ 7 ಘಟಕ, 250ರದು ಒಂದು, ಒಟ್ಟು 1,720. ಪುಸ್ತಕದಾಗ ಬರೀ ಒಂದು ಚೌಕಾಗಿದ್ದ ಕಂಡೆನ್ಸರ್ ಎದುರಿಗೆ ನಿಂತು ನೋಡಿದೆ. ಟರ್ಬೈನ್ ತಿರುಗಿಸಿ ಬಂದ ಉಗಿ ಅಲ್ಲಿ ತಣ್ಣಗಾಗಿ ಮತ್ತೆ ನೀರಾಗ್ತದ, ಆ ನೀರು ಮತ್ತೆ ಬಾಯ್ಲರಿಗೆ. ಥರ್ಮೋಡೈನಾಮಿಕ್ಸ್ ಅವತ್ತು ತಲಿಗೆ ಹತ್ತಿತು.

ಬ್ಯಾಸರ ಒಂದೇ. ನಮ್ಮ ಕಾಲೇಜಿನದು ಯಾವ ಕಾರ್ಖಾನೆ ಜೋಡಿನೂ ಒಪ್ಪಂದ ಇಲ್ಲ, ಪ್ರತಿಯೊಬ್ಬರೂ ಪತ್ರ ಹಿಡ್ಕೊಂಡು ತಾವೇ ಅಲೀಬೇಕು. ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯ 1906ರಾಗೇ ಓದು, ಕೆಲಸ ಎರಡನ್ನೂ ಪಾಳಿ ಮ್ಯಾಲೆ ಜೋಡಿಸಿತ್ತು. ನಮ್ಮ ಕಾಲೇಜೂ ಕಾರ್ಖಾನೆಗಳ ಜೋಡಿ ಒಪ್ಪಂದ ಮಾಡ್ಕೊಳ್ಳಲಿ ಅಂತ ನಾವು 14 ಮಂದಿ ಸಹಿ ಮಾಡಿ ಪ್ರಿನ್ಸಿಪಾಲರಿಗೆ ಅರ್ಜಿ ಕೊಟ್ಟೀವಿ.