ಹಳೆಯ ಟೈರ್ ಕತ್ತರಿಸುವ ಮುನ್ನ: ರೀಟ್ರೆಡಿಂಗ್ (ಸವೆದ ಟೈರಿಗೆ ಹೊಸ ರಬ್ಬರ್ ಪದರ ಕೂರಿಸುವ) ಮೇಸ್ತ್ರಿಯವರಿಗೆ ಗುಂಪಿನ ಸದಸ್ಯರ ಪ್ರಶ್ನೆಗಳು

ಶಿರಸಿಯ ಸದಸ್ಯೆ: ನಮಸ್ಕಾರ ಮೇಸ್ತ್ರಿಯವರೇ. ಕಾರಿನ ಹಳೆಯ ಟೈರನ್ನು ಕತ್ತರಿಸಿ ಹೂವಿನ ಕುಂಡ ಮಾಡಬೇಕೆಂದಿದ್ದೇನೆ. ಚಾಕು ಸಾಕಾಗುವುದೇ?

ಮೇಸ್ತ್ರಿ: ನಮಸ್ಕಾರ ತಾಯಿ. ಕತ್ತರಿಸುವ ಜಾಗ ಸರಿಯಾಗಿದ್ದರೆ ಸಾಕು. ಡಿಸ್ಕಿಗೆ, ಅಂದರೆ ಚಕ್ರದ ಲೋಹದ ಭಾಗಕ್ಕೆ, ಕೂರುವ ಅಂಚಿನಲ್ಲಿ ಉಕ್ಕಿನ ತಂತಿಯ ಕಟ್ಟು ಇರುತ್ತದೆ. ಒಳಗಿನ ಎಳೆಗಳು ಒಂದಂಚಿನಿಂದ ಇನ್ನೊಂದಂಚಿಗೆ ನೇರವಾಗಿ ಹಾಯುವ ರೇಡಿಯಲ್ ಟೈರ್ ಆದರೆ ನೆಲಕ್ಕೆ ತಾಗುವ ಭಾಗದೊಳಗೂ ಉಕ್ಕಿರುತ್ತದೆ. ಇವೆರಡರ ನಡುವಿನ ಪಕ್ಕದಲ್ಲಿ, ಕಾರಿನ ಟೈರಿಗೆ ಸಾಮಾನ್ಯವಾಗಿ ನೂಲಿನ ಪದರ ಮಾತ್ರ. ಅಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದು, ಡ್ರಿಲ್ಲಿನಿಂದ ಒಂದು ತೂತು ಕೊರೆದು, ಹರಿತವಾದ ಚಾಕುವನ್ನು ಸಾಬೂನು ನೀರಿನಲ್ಲಿ ಅದ್ದುತ್ತ ಸ್ವಲ್ಪಸ್ವಲ್ಪವೇ ಮುಂದಕ್ಕೆ ಸಾಗಿ. ಕಿರ್ರೆಂದು ಸದ್ದು ಬಂದರೆ ತಂತಿ ಸಿಕ್ಕಿದೆ ಎಂದರ್ಥ, ಅಲ್ಲಿಗೇ ನಿಲ್ಲಿಸಿ. ಕುಂಡದ ತಳಕ್ಕೂ ತೂತು ಕೊರೆಯಿರಿ. ನಿಂತ ನೀರಿನಲ್ಲಿ ಡೆಂಗಿ ಸೊಳ್ಳೆ ಮೊಟ್ಟೆಯಿಡುತ್ತದೆ.

ಹಾಸನದ ಸದಸ್ಯರು: ಗ್ರೈಂಡರ್ ಬಳಸಬಹುದೇ?

ಮೇಸ್ತ್ರಿ: ಬೇಡ. ರಬ್ಬರ್ ಕರಗಿ ಚಕ್ರವನ್ನು ಕಚ್ಚಿಕೊಂಡರೆ ಯಂತ್ರ ಕೈಯಿಂದ ಹಾರುತ್ತದೆ.

ಗದಗದ ಸದಸ್ಯರು: ರಾತ್ರಿಯಿಡೀ ಡೀಸೆಲ್‌ನಲ್ಲಿ ನೆನೆಸಿದರೆ ಬೆಣ್ಣೆಯಂತೆ ಕತ್ತರಿಸಬಹುದೆಂದು ವಾಟ್ಸಾಪ್‌ನಲ್ಲಿ ಬಂದಿದೆ.

ಮೇಸ್ತ್ರಿ: ಅದನ್ನು ಬರೆದವರು ಟೈರ್ ಮುಟ್ಟಿದವರಲ್ಲ. ರಬ್ಬರ್ ಉಬ್ಬುತ್ತದೆ, ತಂತಿ ಹಾಗೆಯೇ ಇರುತ್ತದೆ, ಬೆಂಕಿ ತಗುಲಿದರೆ ಅಂಗಳವೇ ಹೊತ್ತಿಕೊಳ್ಳುತ್ತದೆ.

ಹೊಸದುರ್ಗದ ಸದಸ್ಯರು: ಮಕ್ಕಳ ಜೋಕಾಲಿಗೆಂದು ಲಾರಿಯ ಟೈರ್ ತಂದಿದ್ದೇನೆ. ಡಿಸ್ಕ್ ತುಕ್ಕು ಹಿಡಿದು ಕಚ್ಚಿಕೊಂಡಿದೆ. ನಾಳೆ ವೆಲ್ಡಿಂಗ್‌ನವರು ಗ್ಯಾಸ್ ಕಟರ್‌ನಿಂದ ಡಿಸ್ಕ್ ಕತ್ತರಿಸಿ ಕೊಡುವರಂತೆ.

ಮೇಸ್ತ್ರಿ: ದಯವಿಟ್ಟು ನಿಲ್ಲಿಸಿ. ಕಾರಿನ ಟೈರಿಗೆ 30–35 ಪೌಂಡ್ ಗಾಳಿ ಹಾಕಿದರೆ ಲಾರಿಯದಕ್ಕೆ 100ಕ್ಕೂ ಹೆಚ್ಚು ಹಾಕುತ್ತಾರೆ, ಮತ್ತು ವರ್ಷಗಟ್ಟಲೆ ಬಿದ್ದಿದ್ದ ಟೈರಿನಲ್ಲೂ ಗಾಳಿ ಉಳಿದಿರಬಹುದು. ಗಾಳಿ ಪೂರ್ತಿ ತೆಗೆದಿದ್ದರೂ ಟೈರ್ ಕೂತಿರುವ ಡಿಸ್ಕಿಗೆ ಬೆಂಕಿ ತಾಗಿಸಬಾರದು. ಒಳಗಿನ ರಬ್ಬರ್ ಕಾದು ಹೊರಬಿಡುವ ಅನಿಲ ಹೊತ್ತಿಕೊಂಡು ಟೈರೇ ಸಿಡಿಯುತ್ತದೆ. ನಿಮ್ಮದು ಲಾಕ್ ರಿಂಗ್ (ಟೈರನ್ನು ಡಿಸ್ಕಿನ ಮೇಲೆ ಹಿಡಿದಿಡುವ ಬಳೆ) ಇರುವ ಡಿಸ್ಕಾದರೆ ಆ ಉಕ್ಕಿನ ಬಳೆ ಎದುರಿಗಿದ್ದವರ ಮುಖಕ್ಕೆ ಹಾರುತ್ತದೆ. ಎದುರು ನಿಲ್ಲದೆ, ಬದಿಯಿಂದ ಕೈಚಾಚಿ ವಾಲ್ವಿನ ಪಿನ್ ತೆಗೆಯಿರಿ, ತೂತಿನಲ್ಲಿ ತೆಳುವಾದ ತಂತಿ ಆಡಿಸಿ ಕಸ ಕಟ್ಟಿಲ್ಲವೆಂದು ನೋಡಿ, ಆಮೇಲೆ ಲಾರಿ ಟೈರ್ ಬಿಚ್ಚುವ ಪಂಕ್ಚರ್ ಅಂಗಡಿಗೆ ಒಯ್ಯಿರಿ. ಲಾರಿಯ ರೇಡಿಯಲ್ ಆಗಿದ್ದರೆ ಪಕ್ಕದಲ್ಲೂ ಉಕ್ಕಿನ ತಂತಿಯಿರುತ್ತದೆ. ಅದನ್ನು ಕತ್ತರಿಸದೆ ಇಡಿಯಾಗಿಯೇ ತೂಗುಹಾಕಿ.

ಮಂಡ್ಯದ ಸದಸ್ಯರು: ಇಷ್ಟೆಲ್ಲ ಏಕೆ? ನಮ್ಮೂರಿನಲ್ಲಿ ಸುಟ್ಟೇ ತಂತಿ ತೆಗೆಯುತ್ತಾರೆ.

ಧಾರವಾಡದ ಸದಸ್ಯೆ: ಆ ಹೊಗೆಯಲ್ಲಿ ಬೆಂಜೀನ್ ಇರುತ್ತದೆ. ಕುಡಿಯುವವರು ನೀವೋ, ಪಕ್ಕದ ಮನೆಯ ಕೂಸೋ?

ಮಂಡ್ಯದ ಸದಸ್ಯರು: ಲಾರಿಗಳು ಬಿಡುವುದೇನು ಸಾಂಬ್ರಾಣಿಯೇ? ಟೈರಿನಲ್ಲಿ ಟೊಮೆಟೊ ಬೆಳೆಯುವ ನೀವು ನನಗೆ ವಿಷದ ಪಾಠ ಹೇಳಬೇಡಿ.

ಧಾರವಾಡದ ಸದಸ್ಯೆ: ನಾನು ಬೆಳೆದದ್ದು ಸೇವಂತಿಗೆ. ಓದಿ ಮಾತನಾಡಿ.

ಮೇಸ್ತ್ರಿ: ಸುಡಬಾರದು. ಟೈರಿನಿಂದ ಸತು ಮಣ್ಣಿಗಿಳಿಯುವುದರಿಂದ ತರಕಾರಿಯೂ ಬೇಡ. ಜಗಳವನ್ನು ಬೇರೆಡೆ ಆಡಿಕೊಳ್ಳಿ.

ಕೋಲಾರದ ಸದಸ್ಯರು: ಯಾವ ಬಣ್ಣ ಹಚ್ಚಿದರೆ ಬಾಳಿಕೆ ಬರುತ್ತದೆ?

ಬೀದರ್‌ನ ಸದಸ್ಯರು: ಚಿಕ್ಕ ಗ್ರೈಂಡರ್ ಆದರೆ ನಡೆಯುವುದೇ?

ಮೇಸ್ತ್ರಿ: ಮೇಲೆ ಓದಿ. ಹೊಸದುರ್ಗದವರೇ, ವೆಲ್ಡಿಂಗ್‌ನವರಿಗೆ ಬೇಡವೆಂದು ಹೇಳಿದಿರಾ?

ಗದಗದ ಸದಸ್ಯರು: ಡೀಸೆಲ್ ಬೇಡವಾದರೆ ಸೀಮೆಎಣ್ಣೆ ಆಗಬಹುದೇ?

ಮೇಸ್ತ್ರಿ: ಹೊಸದುರ್ಗದವರೇ, ಉತ್ತರಿಸಿ.