ಬೆಳಿಗ್ಗೆ ಪ್ರಿಂಟರ್ ಕೆಲಸ ಮಾಡುವುದಿಲ್ಲ: ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರ್, ಹಳೆಯ ಡಾಸ್ ಕಾಲದ ಲೆಕ್ಕದ ಪ್ರೋಗ್ರಾಂ. ಯಾರಾದರೂ ನೋಡಿ

ರಾಶಿ_ಚಾಲಿ:
ನಮ್ಮದು ಅಡಿಕೆ ಖರೀದಿ ಅಂಗಡಿ. ಎಪ್ಸನ್ ಎಲ್ಎಕ್ಸ್-300+ ಪ್ರಿಂಟರ್, ಕಾರ್ಬನ್ ಇಟ್ಟು ಮೂರು ಪ್ರತಿ ಒಟ್ಟಿಗೆ ತೆಗೆಯುತ್ತೇವೆ. ರೈತರಿಗೆ ಕೊಡುವ ಖರೀದಿ ಪಟ್ಟಿ ಮುದ್ರಿಸಲು ಹೋದರೆ "ರೈಟ್ ಫಾಲ್ಟ್ ಎರರ್ ರೈಟಿಂಗ್ ಡಿವೈಸ್ ಪಿಆರ್‌ಎನ್" ಎಂದು ಬಂದು ನಿಂತುಬಿಡುತ್ತದೆ. ಪ್ರಿಂಟರ್ ಬದಲಿಸಿದೆ, ಕೇಬಲ್ ಬದಲಿಸಿದೆ. ರೈತರು ಎದುರಿಗೆ ಕುಳಿತು ಗಡಿಯಾರ ನೋಡುತ್ತಿರುತ್ತಾರೆ, ನಾನು ಕೈಯಲ್ಲಿ ಪಟ್ಟಿ ಬರೆಯುತ್ತಿರುತ್ತೇನೆ. ಹೊಸ ಕಂಪ್ಯೂಟರ್ ಕೊಳ್ಳಿ ಎನ್ನುವವರು ದಯವಿಟ್ಟು ಉತ್ತರಿಸಬೇಡಿ.

ಪೋರ್ಟ್378:
ಇದು ಇಸಿಪಿ ತಕರಾರು, ನೂರಕ್ಕೆ ನೂರು. ಬಯಾಸ್‌ನಲ್ಲಿ (ಯಂತ್ರ ಚಾಲೂ ಆಗುವಾಗಿನ ಮೂಲ ಸೆಟ್ಟಿಂಗ್) ಪ್ಯಾರಲಲ್ ಪೋರ್ಟ್ (ಪ್ರಿಂಟರ್ ಕೇಬಲ್ ಚುಚ್ಚುವ ಕಿಂಡಿ) ಇಸಿಪಿ ಎಂಬ ವೇಗದ ಮೋಡ್‌ನಲ್ಲಿದ್ದರೆ ಅದು ಡಿಎಂಎ 3 ಎಂಬ ಮಾಹಿತಿ ಸಾಗಿಸುವ ದಾರಿ ಹಿಡಿಯುತ್ತದೆ. ಹಳೆಯ ಡಾಸ್ ಪ್ರೋಗ್ರಾಂಗೆ ಅದೆಲ್ಲ ಬೇಡ. ಎಸ್‌ಪಿಪಿ ಎಂಬ ಹಳೆಯ ಸಾದಾ ಮೋಡ್ ಮಾಡಿ, ಪೋರ್ಟಿನ ವಿಳಾಸ 378, ಐಆರ್‌ಕ್ಯೂ (ಪ್ರೊಸೆಸರ್‌ನ ಗಮನ ಸೆಳೆಯುವ ಇಂಟರಪ್ಟ್ ಸಂಖ್ಯೆ) 7. ಮುಗಿಯಿತು.

ಹಳೆಯ_ಪೆಟ್ಟಿಗೆ:
ಕಂಪ್ಯೂಟರ್ ಆರಿಸಿ, ಪ್ರಿಂಟರ್‌ನ ಎಲ್ಎಫ್/ಎಫ್ಎಫ್ ಗುಂಡಿ ಒತ್ತಿಹಿಡಿದು ಅದನ್ನು ಚಾಲೂ ಮಾಡಿ. ಅಕ್ಷರಗಳ ಸಾಲು ಸಾಲು ಬಂದರೆ ಪ್ರಿಂಟರ್‌ನದು ತಪ್ಪಿಲ್ಲ.

ರಾಶಿ_ಚಾಲಿ:
ಸಾಲು ಸಾಲು ಬಂತು. ಪ್ರಿಂಟರ್ ಸರಿಯಿದೆ ಎಂದು ಮೊದಲೇ ಹೇಳಿದ್ದೇನಲ್ಲ. ಎಸ್‌ಪಿಪಿ ಕೂಡ ಮಾಡಿದೆ, ಅದೇ ಕಥೆ.

ಪೋರ್ಟ್378:
ಹಾಗಾದರೆ ಸೌಂಡ್ ಕಾರ್ಡ್ ಐಆರ್‌ಕ್ಯೂ 7 ಕಿತ್ತುಕೊಂಡಿದೆ. ಹಳೆಯ ಸೌಂಡ್ ಬ್ಲಾಸ್ಟರ್‌ಗಳ ಚಾಳಿಯೇ ಅದು, 5 ಇಲ್ಲವೇ 7. ಕಾರ್ಡ್ ತೆಗೆದು ನೋಡಿ.

ಮಲೆನಾಡ_ಮೌಸ್:
ಎಕ್ಸ್‌ಪಿ ತಾನಾಗಿ ಪ್ಯಾರಲಲ್ ಪೋರ್ಟ್‌ಗೆ ಇಂಟರಪ್ಟ್ ಬಳಸುವುದೇ ಇಲ್ಲ ಸ್ವಾಮಿ. ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ (ಯಂತ್ರದ ಭಾಗಗಳನ್ನು ತೋರಿಸುವ ಕಿಟಕಿ) ಪೋರ್ಟ್‌ನ ಸೆಟ್ಟಿಂಗ್ಸ್ ತೆರೆದರೆ ಅಲ್ಲಿಯೇ ಬರೆದಿದೆ. ನೀವು ವಿಂಡೋಸ್ 95ರ ಕಾಲದಲ್ಲಿದ್ದೀರಿ.

ಪೋರ್ಟ್378:
95ರಲ್ಲಿ ನಾನು ಹಾಕಿಕೊಟ್ಟ ಯಂತ್ರಗಳು ಇನ್ನೂ ನಡೆಯುತ್ತಿವೆ. ಅನುಭವ ಎಂಬುದೊಂದು ಇದೆ.

ತಂತಿ_ಮಾವ:
ಕೇಬಲ್ ಎಷ್ಟು ಉದ್ದ? ಮಾಮೂಲಿ ಕೇಬಲ್ ಮೂರು ಮೀಟರ್ ದಾಟಬಾರದು. ಐಇಇಇ 1284 ಎಂಬ ಮಾನದಂಡದ ಅಚ್ಚು ಹಾಕಿರುವುದಾದರೆ ಹತ್ತು ಮೀಟರ್‌ವರೆಗೆ ನಡೆದೀತು. ಇನ್ನೊಂದು, ಯಂತ್ರ ಚಾಲೂ ಇರುವಾಗ ಕೇಬಲ್ ಕಿತ್ತು ಹಾಕಬೇಡಿ. ಪೋರ್ಟ್ ಸುಟ್ಟುಹೋಗುತ್ತದೆ.

ಪೋರ್ಟ್378:
ನಾನು ಜೀವಮಾನವಿಡೀ ಹಾಗೆಯೇ ಕಿತ್ತು ಹಾಕಿದ್ದೇನೆ, ಏನೂ ಸುಟ್ಟಿಲ್ಲ.

ತಂತಿ_ಮಾವ:
ನಿಮ್ಮದು ಸುಟ್ಟಿಲ್ಲ. ನನ್ನ ಬಳಿ ರಿಪೇರಿಗೆ ಬಂದವು ಸುಟ್ಟಿದ್ದವು.

ಹಳೆಯ_ಪೆಟ್ಟಿಗೆ:
ಜಗಳ ಆಮೇಲೆ. ರಾಶಿ ಅವರೇ, ದಿನವಿಡೀ ಹೀಗೆಯೇ, ಅಥವಾ ಯಾವಾಗಲಾದರೂ ಸರಿಹೋಗುತ್ತದೆಯೇ? ಡಿವೈಸ್ ಮ್ಯಾನೇಜರ್‌ನ ಪೋರ್ಟ್ಸ್ ವಿಭಾಗದಲ್ಲಿ ಏನೇನು ಕಾಣುತ್ತದೆ?

ರಾಶಿ_ಚಾಲಿ:
ಬೆಳಿಗ್ಗೆ ಮಾತ್ರ. ಶೀರ್ಷಿಕೆಯಲ್ಲೇ ಬರೆದಿದ್ದೇನೆ. ಪೇಟೆಯಿಂದ ಮೆಕ್ಯಾನಿಕ್ ಬಂದು, ನೀಲಿ ಪರದೆಗೆ ಹೋಗಿ ಏನೋ ಒತ್ತಿ, ಮುನ್ನೂರು ರೂಪಾಯಿ ತೆಗೆದುಕೊಂಡು ಹೋಗುತ್ತಾನೆ. ಸಂಜೆಯವರೆಗೆ ಸರಿ, ಮರುದಿನ ಮತ್ತೆ ಮೊದಲಿನಂತೆ. ಪೋರ್ಟ್ಸ್‌ನಲ್ಲಿ ಈಗ ಎರಡು ಪ್ರಿಂಟರ್ ಪೋರ್ಟ್ ಕಾಣುತ್ತವೆ, ಎಲ್‌ಪಿಟಿ1 ಮತ್ತು ಎಲ್‌ಪಿಟಿ3 ಎಂಬ ಹೆಸರಿನವು. ಅವನು ಬಂದುಹೋದ ಮೇಲೆ ಒಂದೇ ಇರುತ್ತದೆ.

ಮಲೆನಾಡ_ಮೌಸ್:
ಎರಡು ಕಾಣುತ್ತವೆಯೇ? ಒಂದು ಯಂತ್ರಕ್ಕೆ ಎರಡು ಪ್ಯಾರಲಲ್ ಪೋರ್ಟ್ ಎಲ್ಲಿಂದ ಬಂತು ಮಾರಾಯರೇ?

ರಾಶಿ_ಚಾಲಿ:
ಹೋದ ಮಳೆಗಾಲದಲ್ಲಿ ಸಿಡಿಲಿಗೆ ಮದರ್‌ಬೋರ್ಡಿನ ಪೋರ್ಟ್ ಹೋಯಿತು. ಆಮೇಲೆ ಪ್ಯಾರಲಲ್ ಪೋರ್ಟ್ ಇರುವ ಬೇರೆ ಕಾರ್ಡ್ ಹಾಕಿಸಿದ್ದು. ಪ್ರಿಂಟರ್ ಆ ಕಾರ್ಡಿಗೇ ಜೋಡಿಸಿದೆ. ಅದರಿಂದ ಏನಾಯಿತು, ಇಷ್ಟು ದಿನ ಚೆನ್ನಾಗಿಯೇ ನಡೆದಿತ್ತಲ್ಲ.

ಹಳೆಯ_ಪೆಟ್ಟಿಗೆ:
ಇದನ್ನು ಮೊದಲ ಸಾಲಿನಲ್ಲೇ ಬರೆಯಬೇಕಿತ್ತು. ಇರಲಿ, ಇನ್ನೊಂದು ಪ್ರಶ್ನೆ: ಬೆಳಿಗ್ಗೆ ಯಂತ್ರ ಚಾಲೂ ಮಾಡಿದಾಗ ದಿನಾಂಕ ಸರಿ ಇರುತ್ತದೆಯೇ? ರಾತ್ರಿ ಗೋಡೆಯ ಸ್ವಿಚ್ ಆರಿಸುತ್ತೀರಾ?

ರಾಶಿ_ಚಾಲಿ:
ಸಿಡಿಲು ಕಂಡ ಮೇಲೆ ಯಾರು ಆರಿಸುವುದಿಲ್ಲ? ದಿನಾಂಕ 2003 ಎಂದು ಬರುತ್ತದೆ, ಪಟ್ಟಿಯ ಮೇಲೆ ಪೆನ್ನಿನಲ್ಲಿ ತಿದ್ದುತ್ತೇವೆ. ಅದಕ್ಕೂ ಪ್ರಿಂಟರ್‌ಗೂ ಏನು ಸಂಬಂಧ?

ಹಳೆಯ_ಪೆಟ್ಟಿಗೆ:
ಅದೇ ಸಂಬಂಧ. ಮದರ್‌ಬೋರ್ಡಿನ ಸಿಮಾಸ್ ಬ್ಯಾಟರಿ (ಬಯಾಸ್ ಸೆಟ್ಟಿಂಗ್, ದಿನಾಂಕ ಉಳಿಸುವ ಪುಟ್ಟ ಬ್ಯಾಟರಿ) ಸತ್ತಿದೆ. ಹಗಲಿನಲ್ಲಿ ಪ್ಲಗ್‌ನಿಂದ ಬರುವ ಸ್ಟ್ಯಾಂಡ್‌ಬೈ ವಿದ್ಯುತ್ತು ಬಯಾಸ್‌ನ ನೆನಪನ್ನು ಕಾಯುತ್ತದೆ. ರಾತ್ರಿ ಗೋಡೆಯ ಸ್ವಿಚ್ ಆರಿಸಿದೊಡನೆ ಎಲ್ಲವೂ ಅಳಿಸಿಹೋಗುತ್ತದೆ. ನಿಮ್ಮ ಮೆಕ್ಯಾನಿಕ್ ಸುಟ್ಟ ಪೋರ್ಟನ್ನು ಬಯಾಸ್‌ನಲ್ಲಿ ಡಿಸೇಬಲ್ ಮಾಡಿ, ಕಾರ್ಡಿಗೆ ಎಲ್‌ಪಿಟಿ1 ಎಂಬ ಹೆಸರು ಕೊಡುತ್ತಿದ್ದಾನೆ. ಬೆಳಿಗ್ಗೆ ಬಯಾಸ್ ಕಾರ್ಖಾನೆಯ ಸೆಟ್ಟಿಂಗ್‌ಗೆ ಮರಳಿರುತ್ತದೆ. ಸುಟ್ಟ ಪೋರ್ಟ್ ಎದ್ದು ಬಂದು ಎಲ್‌ಪಿಟಿ1 ಎಂದು ಕುಳಿತುಬಿಡುತ್ತದೆ, ಕಾರ್ಡ್ ಎಲ್‌ಪಿಟಿ3ಕ್ಕೆ ಸರಿಯುತ್ತದೆ. ಡಾಸ್ ಪ್ರೋಗ್ರಾಂಗೆ ಗೊತ್ತಿರುವುದು ಎಲ್‌ಪಿಟಿ1 ಒಂದೇ, ಸತ್ತ ಪೋರ್ಟಿಗೇ ಪಟ್ಟಿ ಕಳಿಸುತ್ತದೆ.

ಸಿಆರ್2032 ಬ್ಯಾಟರಿ ತನ್ನಿ, ಕೈಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ಪ್ಲಗ್ ಕಿತ್ತು, ಹಳೆಯದನ್ನು ತೆಗೆದು, ಪ್ಲಸ್ ಗುರುತು ಮೇಲಕ್ಕಿರುವಂತೆ ಹಾಕಿ.

ಪೋರ್ಟ್378:
ಬ್ಯಾಟರಿ ಹೋದಾಗ ಮೋಡ್ ಇಸಿಪಿಗೆ ಮರಳಿರಲೂಬಹುದು. ನಾನು ಹೇಳಿದ್ದೂ ಅದನ್ನೇ.

ಮಲೆನಾಡ_ಮೌಸ್:
ಸುಟ್ಟ ಪೋರ್ಟಿಗೆ ಯಾವ ಮೋಡ್ ಇದ್ದರೇನು!

ರಾಶಿ_ಚಾಲಿ:
ಬ್ಯಾಟರಿ ಹಾಕಿದೆ. ಏನೂ ಆಗಲಿಲ್ಲ. ಅದೇ ಎರರ್.

ಹಳೆಯ_ಪೆಟ್ಟಿಗೆ:
ಬ್ಯಾಟರಿ ಹಾಕಿದ ಮಾತ್ರಕ್ಕೆ ಹಳೆಯ ಸೆಟ್ಟಿಂಗ್ ಮರಳಿ ಬರುವುದಿಲ್ಲ, ಒಮ್ಮೆ ನೀವೇ ಮಾಡಬೇಕು. ಚಾಲೂ ಮಾಡುವಾಗ ಡಿಲೀಟ್ ಕೀ ಒತ್ತುತ್ತಿರಿ, ಇಂಟಿಗ್ರೇಟೆಡ್ ಪೆರಿಫೆರಲ್ಸ್ ಎಂಬಲ್ಲಿ ಆನ್‌ಬೋರ್ಡ್ ಪ್ಯಾರಲಲ್ ಪೋರ್ಟ್ ಡಿಸೇಬಲ್ ಮಾಡಿ, ದಿನಾಂಕವನ್ನೂ ಸರಿಪಡಿಸಿ, ಎಫ್10 ಒತ್ತಿ ಉಳಿಸಿ. ಎಕ್ಸ್‌ಪಿ ಬಂದ ಮೇಲೆ ಕಾರ್ಡ್ ಇನ್ನೂ ಎಲ್‌ಪಿಟಿ3 ಎಂದೇ ಇದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಅದರ ಪೋರ್ಟ್ ಸೆಟ್ಟಿಂಗ್ಸ್ ತೆರೆದು ಎಲ್‌ಪಿಟಿ1 ಆರಿಸಿ.

ತಂತಿ_ಮಾವ:
ಸುಟ್ಟ ಪೋರ್ಟಿನ ಬಾಯಿಗೆ ಟೇಪ್ ಅಂಟಿಸಿ. ನಾಳೆ ಇನ್ಯಾರೋ ಬಂದು ಅದಕ್ಕೇ ಕೇಬಲ್ ಚುಚ್ಚುತ್ತಾರೆ.

ರಾಶಿ_ಚಾಲಿ:
ಬಂತು. ಮೂರು ಪ್ರತಿಯೂ ಸರಿಯಾಗಿ ಬಂತು, ದಿನಾಂಕವೂ ಸರಿ. ಈ ರಾತ್ರಿ ಸ್ವಿಚ್ ಆರಿಸಿ ಬೆಳಿಗ್ಗೆ ನೋಡಿ ಬರೆಯುತ್ತೇನೆ. ಆ ಮೆಕ್ಯಾನಿಕ್ ಒಮ್ಮೆಯೂ ಬ್ಯಾಟರಿಯ ಮಾತೆತ್ತಲಿಲ್ಲ.

ಪೋರ್ಟ್378:
ಅಂದಹಾಗೆ, ನನ್ನಲ್ಲಿ ಎಪ್ಸನ್ ಎಲ್ಎಕ್ಸ್-800 ಇನ್ನೂ ಓಡುತ್ತಿದೆ, 486 ಯಂತ್ರಕ್ಕೆ ಜೋಡಿಸಿದ್ದು. ರಿಬ್ಬನ್‌ಗೆ ನಾನೇ ಶಾಯಿ ಹಾಕುತ್ತೇನೆ. ಚಿತ್ರ ಹಾಕಲೇ?

ತಂತಿ_ಮಾವ:
ಹಾಕಿ. ಯಾವ ಶಾಯಿ ಎಂದೂ ಹೇಳಿ, ಸ್ಟ್ಯಾಂಪ್ ಪ್ಯಾಡಿನದಾದರೆ ಹೆಡ್ಡಿನ ಪಿನ್ ಕಟ್ಟಿಕೊಳ್ಳುತ್ತದೆ.

ಹೊಸಬ_22:
ನನ್ನದೂ ಇದೇ ಸಮಸ್ಯೆ. ಲ್ಯಾಪ್‌ಟಾಪ್, ಯುಎಸ್‌ಬಿಯಿಂದ ಪ್ಯಾರಲಲ್‌ಗೆ ಹೋಗುವ ಕೇಬಲ್. ಬ್ಯಾಟರಿ ಬದಲಿಸಬೇಕೇ?

ಮಲೆನಾಡ_ಮೌಸ್:
ಇದೇ ಸಮಸ್ಯೆ ಅಲ್ಲ. ಆ ಕೇಬಲ್ ಯುಎಸ್‌ಬಿ001 ಎಂಬ ಪೋರ್ಟ್ ಕೊಡುತ್ತದೆ, ಎಲ್‌ಪಿಟಿ1 ಅಲ್ಲ. ಪ್ರಿಂಟರನ್ನು ಶೇರ್ ಮಾಡಿ "ನೆಟ್ ಯೂಸ್" ಆಜ್ಞೆಯಿಂದ ಎಲ್‌ಪಿಟಿ1ಕ್ಕೆ ಕಟ್ಟಬೇಕು. ಬೇರೆ ಚರ್ಚೆ ತೆರೆಯಿರಿ. ಯಾವ ವಿಂಡೋಸ್, ಯಾವ ಪ್ರಿಂಟರ್, ಸಿಡಿಲು ಬಡಿದಿದೆಯೇ ಎಂಬುದನ್ನೆಲ್ಲ ಮೊದಲೇ ಬರೆಯಿರಿ.