ಎಬಿಎಸ್ ಕಾರು: ಎರಡು ಸಲ ಏರ್ ತೆಗೆದರೂ ಬ್ರೇಕ್ ಪೆಡಲ್ ಮೆತ್ತಗೆ

ಘಟ್ಟದಗಾಡಿ: ನಾಲ್ಕೂ ವೀಲ್‌ನಲ್ಲಿ ಬ್ರೇಕ್ ಲೈನಿಂದ ಎರಡೆರಡು ಸಲ ಏರ್ ತೆಗೆದಾಯ್ತು, ಒಂದು ಲೀಟರ್ ಡಾಟ್ 4 ಬ್ರೇಕ್ ಆಯಿಲ್ ಖಾಲಿ. ಗುಳ್ಳೆ ಬರೋದು ನಿಂತಿದೆ, ಆದರೂ ಪೆಡಲ್ ಅರ್ಧಕ್ಕಿಂತ ಕೆಳಗೆ ಹೋಗುತ್ತೆ. ಮೂರು ಸಲ ಪಂಪ್ ಮಾಡಿದರೆ ಗಟ್ಟಿ, ಬಿಟ್ಟು ಒತ್ತಿದರೆ ಮತ್ತೆ ಅದೇ. ಲೀಕ್ ಇಲ್ಲ, ಎಬಿಎಸ್ ಲೈಟೂ ಹತ್ತಿಲ್ಲ. ಭಾನುವಾರ ಚಾರ್ಮಾಡಿ ಇಳಿಯಬೇಕು. ಸಾಕಾಗಿಹೋಗಿದೆ, ಏನು ಮಾಡ್ಲಿ?

ಸ್ಕ್ಯಾನ್‌ಟೂಲ್: ವೀಲ್ ಲಾಕ್ ಆಗದ ಹಾಗೆ ಬ್ರೇಕ್ ಪ್ರೆಷರ್ ಹತೋಟಿ ಮಾಡೋ ಎಬಿಎಸ್ ಮಾಡ್ಯುಲೇಟರ್ ಒಳಗೆ ಏರ್ ಸಿಕ್ಕಿಕೊಂಡಿದೆ. ಔಟ್‌ಲೆಟ್ ವಾಲ್ವ್ ಮಾಮೂಲಿಗೆ ಮುಚ್ಚಿರುತ್ತೆ, ಕಾಲಲ್ಲಿ ಎಷ್ಟು ಒತ್ತಿದರೂ ಆಯಿಲ್ ಅದರ ಹಿಂದಕ್ಕೆ ಹೋಗಲ್ಲ. ಪಂಪ್ ಓಡಿಸಿ ವಾಲ್ವ್ ತೆರೆಯೋ ಸ್ಕ್ಯಾನರ್ ಬೇಕು. ಬರೀ ಕೋಡ್ ಓದೋ ಡಾಂಗಲ್ ಸಾಲದು.

ಲೇತ್‌ಶೆಡ್: ಮೊದಲು ಏನು ಬಿಚ್ಚಿದ್ರಿ ಹೇಳಿ. ಮತ್ತೆ, ಪೆಡಲ್ ಒತ್ತಿ ಹಾಗೇ ಹಿಡಿದರೆ ನಿಧಾನಕ್ಕೆ ಇಳಿಯುತ್ತಾ? ಇಳಿದರೆ ಪೆಡಲ್ ಒತ್ತಿದಾಗ ಆಯಿಲ್ ತಳ್ಳೋ ಮಾಸ್ಟರ್ ಸಿಲಿಂಡರ್‌ನ ರಬ್ಬರ್ ಹೋಗಿದೆ.

ಘಟ್ಟದಗಾಡಿ: ಇಳಿಯಲ್ಲ. ಮುಂದಿನ ಎರಡು ಕ್ಯಾಲಿಪರ್ (ಡಿಸ್ಕ್‌ಗೆ ಪ್ಯಾಡ್ ಒತ್ತೋ ಭಾಗ) ಹೊಸದು ಹಾಕಿದ್ದು, ಅಷ್ಟೇ.

ಸ್ಕ್ಯಾನ್‌ಟೂಲ್: ಅದೇ ಮತ್ತೆ. ಕ್ಯಾಲಿಪರ್ ಬಿಚ್ಚಿದಾಗ ಆಯಿಲ್ ತುಂಬೋ ರಿಸರ್ವಾಯರ್ ಖಾಲಿಯಾಗಿ ಮಾಡ್ಯುಲೇಟರ್‌ಗೆ ಏರ್ ಎಳೆದಿರುತ್ತೆ. ಸ್ಕ್ಯಾನರ್ ಇಲ್ಲದಿದ್ದರೆ ಜಲ್ಲಿ ನೆಲದಲ್ಲಿ ಜೋರಾಗಿ ಬ್ರೇಕ್ ಒತ್ತಿ ಎಬಿಎಸ್ ಕೆಲಸ ಮಾಡಿಸಿ, ಆಮೇಲೆ ಪುನಃ ಏರ್ ತೆಗೀರಿ.

ಲೇತ್‌ಶೆಡ್: ಇಷ್ಟು ಮೆತ್ತಗಿರೋ ಪೆಡಲ್ ಇಟ್ಟುಕೊಂಡು ಗಾಡಿ ಓಡಿಸೋದು ಬೇಡವೇ ಬೇಡ. ಇನ್ನೊಂದು: ಮುಚ್ಚಿದ ವಾಲ್ವ್ ಹಿಂದಿರೋ ಏರ್‌ಗೆ ಪೆಡಲ್ ಪ್ರೆಷರ್ ತಾಗುವುದೇ ಇಲ್ಲ ಅಂದಮೇಲೆ, ಎಬಿಎಸ್ ಕೆಲಸ ಮಾಡದೆ ಪೆಡಲ್ ಅದರಿಂದ ಹೇಗೆ ಮೆತ್ತಗಾಗುತ್ತೆ? ಈ ಏರ್ ಬೇರೆ ಕಡೆ ಇದೆ.

ಡಿಸ್ಕ್‌ಡ್ರಮ್: ಎಡ ಹಿಂದಿನಿಂದ ಶುರು ಮಾಡಿದ್ರಾ? ಸ್ಟೀರಿಂಗ್ ಬಲಕ್ಕಿರೋ ಗಾಡಿಲಿ ಮಾಸ್ಟರ್‌ಗೆ ಅತಿ ದೂರ ಅದೇ. ನನ್ನ ಹತ್ರ ಆಯಿಲ್‌ಗೆ ಪ್ರೆಷರ್ ಕೊಟ್ಟು ಏರ್ ತೆಗೆಯೋ ಪ್ರೆಷರ್ ಬ್ಲೀಡರ್ ಇದೆ, 1 ಬಾರ್‌ಗೆ ಇಟ್ಟರೆ ಒಬ್ಬನೇ ಅರ್ಧ ಗಂಟೇಲಿ ಮುಗಿಸ್ತೀನಿ. ಹಾಕೋದು ಡಾಟ್ 5.

ಸ್ಕ್ಯಾನ್‌ಟೂಲ್: ದೂರದ್ದು ಮೊದಲು ಅನ್ನೋದು ಎಲ್ಲ ಗಾಡಿಗೂ ಅಲ್ಲ. ಕ್ರಾಸ್ ಸರ್ಕ್ಯೂಟ್ (ಮುಂದಿನ ವೀಲ್‌ಗೂ ಎದುರು ಮೂಲೆಯ ಹಿಂದಿನ ವೀಲ್‌ಗೂ ಒಂದೇ ಲೈನ್) ಇದ್ದರೆ ಕ್ರಮ ಬೇರೆ, ಸರ್ವಿಸ್ ಮ್ಯಾನುಯಲ್ ನೋಡಬೇಕು. ಡಾಟ್ 5 ಅಂತ ದಯವಿಟ್ಟು ಬರೀಬೇಡಿ, ಅದು ಸಿಲಿಕೋನ್, ಎಬಿಎಸ್‌ಗೆ ಆಗಲ್ಲ.

ಡಿಸ್ಕ್‌ಡ್ರಮ್: 5.1 ಅಂತ ಬರೀಬೇಕಿತ್ತು. 260 ಡಿಗ್ರಿವರೆಗೆ ಕುದಿಯಲ್ಲ, ಡಾಟ್ 4 ಆದರೆ 230.

ಸ್ಕ್ಯಾನ್‌ಟೂಲ್: ಅದು ಹೊಸ ಡಬ್ಬದ ಲೆಕ್ಕ. ನೀರು ಹೀರಿದ ಮೇಲೆ 5.1ಗೆ 180, ಡಾಟ್ 4ಗೆ 155 ಅಷ್ಟೇ.

ಲೇತ್‌ಶೆಡ್: ಆಯಿಲ್ ವಿಷಯ ಆಮೇಲೆ. ಘಟ್ಟದಗಾಡಿ ಅವರೇ, ಕ್ಯಾಲಿಪರ್‌ನಲ್ಲಿ ಏರ್ ಬಿಡೋ ಬ್ಲೀಡ್ ನಿಪ್ಪಲ್ ಮೇಲಿದೆಯಾ, ಕೆಳಗಿದೆಯಾ?

ಘಟ್ಟದಗಾಡಿ: ಕೆಳಗೆ. ಎರಡೂ ಕಡೆ ಒಂದೇ ಥರ ಇದೆ, ಸರಿ ಇರಬೇಕು ಅಂದುಕೊಂಡೆ.

ಲೇತ್‌ಶೆಡ್: ಅಲ್ಲೇ ಇದೆ ಏರ್. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿದ್ದೀರಿ. ಬೋಲ್ಟ್ ಕೂತುಬಿಡುತ್ತೆ, ಆದರೆ ಪಿಸ್ಟನ್ ಮೇಲ್ಭಾಗದಲ್ಲಿ ಏರ್ ನಿಂತು, ಕೆಳಗಿನ ನಿಪ್ಪಲ್‌ನಿಂದ ಬರೀ ಆಯಿಲ್ ಬರುತ್ತೆ. ಅದಕ್ಕೇ ಗುಳ್ಳೆ ಕಾಣದೆ ಹೋಗಿದ್ದು.

ಬಿಚ್ಚಿ ಅದಲುಬದಲು ಮಾಡಿ. ಬ್ಯಾಂಜೋ ಬೋಲ್ಟ್ (ಹೋಸ್ ಕೂರಿಸೋ ಟೊಳ್ಳು ಬೋಲ್ಟ್) ಇದ್ದರೆ ಒಂದೊಂದಕ್ಕೂ ಎರಡು ಹೊಸ ತಾಮ್ರದ ವಾಷರ್, ಹಳೇದು ಬೇಡ. ರಿಸರ್ವಾಯರ್ ಮಿನಿಮಮ್‌ಗಿಂತ ಕೆಳಗೆ ಇಳಿಯದ ಹಾಗೆ ಒಬ್ಬರು ನೋಡ್ತಿರಲಿ. ನಿಪ್ಪಲ್‌ಗೆ ರಿಂಗ್ ಸ್ಪ್ಯಾನರ್, ಓಪನ್ ಎಂಡ್ ಹಾಕಿದರೆ ಮೂಲೆ ಸವೆಯುತ್ತೆ. ಪಾರದರ್ಶಕ ಟ್ಯೂಬ್‌ನ ತುದಿ ಬಾಟಲಿಯ ಆಯಿಲ್‌ನಲ್ಲಿ ಮುಳುಗಿರಲಿ. ಪೆಡಲ್ ಒತ್ತಿ ಹಿಡಿ, ನಿಪ್ಪಲ್ ಕಾಲು ಸುತ್ತು ಸಡಿಲಿಸು, ಬಿಗಿ ಮಾಡು, ಆಮೇಲೇ ಪೆಡಲ್ ಬಿಡು. ಪೆಡಲ್ ಕೆಳಗೆ ಮರದ ತುಂಡು ಇಡಿ; ಹಳೇ ಮಾಸ್ಟರ್ ಪೂರ್ತಿ ತಳಕ್ಕೆ ಹೋದರೆ ರಬ್ಬರ್ ತರಚುತ್ತೆ. ಪೇಂಟ್ ಮೇಲೆ ಚೆಲ್ಲಿದರೆ ತಕ್ಷಣ ನೀರು ಹಾಕಿ.

ಘಟ್ಟದಗಾಡಿ: ಬದಲಿಸಿದೆ. ಬಲಗಡೆ ಮೊದಲ ಒತ್ತಿಗೇ ಟ್ಯೂಬ್ ತುಂಬ ಬೆರಳುದ್ದದ ಗುಳ್ಳೆ. ಈಗ ಪೆಡಲ್ ಕಾಲು ಭಾಗದಲ್ಲೇ ಕಲ್ಲಿನ ಹಾಗೆ ನಿಲ್ಲುತ್ತೆ. ತುಂಬಾ ಥ್ಯಾಂಕ್ಸ್ ಸರ್.

ಸ್ಕ್ಯಾನ್‌ಟೂಲ್: ಒಳ್ಳೇದಾಯ್ತು. ಆದರೆ ಯಾವತ್ತಾದರೂ ಎಬಿಎಸ್ ಕೆಲಸ ಮಾಡಿದ ಮೇಲೆ ಪೆಡಲ್ ಮತ್ತೆ ಇಳಿದರೆ, ಆಗ ಮಾಡ್ಯುಲೇಟರ್ ಏರ್ ಅಂತಲೇ ತಿಳಿದು ಸ್ಕ್ಯಾನರ್ ಹಾಕಿಸಿ.

ಲೇತ್‌ಶೆಡ್: ಆ ಮಾತು ಸರಿ. ಘಾಟಿಗೆ ಹೋಗೋ ಮುಂಚೆ ಖಾಲಿ ಜಾಗದಲ್ಲಿ ನಿಧಾನವಾಗಿ ನಾಲ್ಕೈದು ಸಲ ನಿಲ್ಲಿಸಿ, ಬ್ಯಾಂಜೋ ಸುತ್ತ ಟಿಶ್ಯೂ ಒತ್ತಿ ನೋಡಿ. ಹಿಂದೆ ಡ್ರಮ್ಮಾ ಡಿಸ್ಕಾ, ಇನ್ನೂ ಹೇಳಿಲ್ಲ ನೀವು.